ಎಂಬತ್ತು ಜೋಡಿ ಕರಕರ

ಚಿಕ್ಕೋಡಿ ಹತ್ತಿರದ ಕರೋಶಿಯ ಚಪ್ಪಲಿ ಓಣಿಯಲ್ಲಿ ಸುಂದರಾ ಹೆಣೆದ ವೇಣಿಯನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಸಿಗುತ್ತಿತ್ತು. ವೇಣಿ ಎಂದರೆ ಚಪ್ಪಲಿಯ ಮೇಲ್ಪಟ್ಟಿಯ ನಡುವೆ ಬರುವ ತೊಗಲಿನ ಸಣ್ಣ ಜಡೆ. ಬೇರೆಯವರು ಎರಡು ಬೆರಳಗಲದಲ್ಲಿ ಐದು ಹೆಣಿಕೆ ಕೂರಿಸಿದರೆ ಅವಳು ಏಳು ಕೂರಿಸುತ್ತಿದ್ದಳು. ಹೊಸ ತೊಗಲಿಗೆ ಎಷ್ಟು ನೀರು ಚಿಮುಕಿಸಬೇಕು, ಎಷ್ಟು ಹೊತ್ತು ನೆರಳಿನಲ್ಲಿಡಬೇಕು ಎಂಬುದು ಅವಳ ಬೆರಳುಗಳಿಗೇ ಗೊತ್ತಿತ್ತು.

ಅವಳಿಗೆ ಇನ್ನೊಂದು ಹೆಸರೂ ಇತ್ತು: ಕಾಗದದ ಸುಂದರಾ. ಓಣಿಯ ಹನ್ನೆರಡು ಹೆಂಗಸರು ಸೇರಿ ಕಟ್ಟಿದ್ದ ಸಂಘಕ್ಕೆ ಹೊರದೇಶದಿಂದ ಬರುವ ಪತ್ರಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವವಳು ಅವಳೇ. ಅದಕ್ಕಾಗಿ ನೂರು ಪುಟದ ಒಂದು ನೋಟುಬುಕ್ಕು ಇಟ್ಟಿದ್ದಳು. ಅದರಲ್ಲಿ ಕಥೆಯಿಲ್ಲ, ಲೆಕ್ಕವಿಲ್ಲ. ಪುಟದ ತುಂಬ ಎರಡೆರಡು ಇಂಗ್ಲಿಷ್ ಪದಗಳ ಜೋಡಿಗಳು, ಪ್ರತಿ ಜೋಡಿಯ ಮುಂದೆ ಒಂದು ಕನ್ನಡ ಸಾಲು ಅಥವಾ ಮರಾಠಿ ಸಾಲು. ಎರಡು ಸಾವಿರದ ಹದಿನೈದರ ಹೊತ್ತಿಗೆ ಜೋಡಿಗಳ ಸಂಖ್ಯೆ ನೂರ ನಲವತ್ತು ದಾಟಿತ್ತು. ಮೊದಲನೆಯ ಜೋಡಿಯನ್ನು ಅವಳು ಬರೆದುಕೊಂಡದ್ದು ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ, ಅವಳ ಅಪ್ಪ ಕಾಮಣ್ಣ ತೊಗಲು ಚುಚ್ಚುವ ಆರಿಯನ್ನು ಪೆಟ್ಟಿಗೆಯಲ್ಲಿಟ್ಟು ಕೆಲಸ ಬಿಟ್ಟು ಎದ್ದ ಕೆಲವೇ ವಾರಗಳಲ್ಲಿ.

ಆ ವರ್ಷ ಜನವರಿಯಲ್ಲಿ ಸಂಘದಿಂದ ಎಂಬತ್ತು ಜೋಡಿ ಚಪ್ಪಲಿ ಹಾಲೆಂಡಿಗೆ ಹೋಗಿದ್ದವು. ಅಲ್ಲಿ ಅನ್ನೆಕೆ ಎಂಬ ಹೆಂಗಸಿನದೊಂದು ಪಾದರಕ್ಷೆ ಅಂಗಡಿ. ಬೆಂಗಳೂರಿನ ಒಂದು ಸಂಸ್ಥೆ ನಡುವೆ ನಿಂತು ಪರಿಚಯ ಮಾಡಿಸಿತ್ತು. ಈ ಎಂಬತ್ತು ಜೋಡಿ ಒಪ್ಪಿಗೆಯಾದರೆ ಮುಂದಿನ ಬೇಸಿಗೆಗೆ ಮುನ್ನೂರು ಜೋಡಿ ಎಂದು ಮಾತಾಗಿತ್ತು. ಮುನ್ನೂರು ಜೋಡಿಯೆಂದರೆ ಹನ್ನೆರಡು ಮನೆಗಳಿಗೆ ದೀಪಾವಳಿಯಿಂದ ಯುಗಾದಿಯವರೆಗೆ ಬಿಡುವಿಲ್ಲದ ಕೆಲಸ.

ಮೇ ಮೊದಲ ವಾರ ಸಂಸ್ಥೆಯ ವಿಶಾಲ ಫೋನು ಮಾಡಿದ. ಅಥಣಿ ಕಡೆಯ ಹುಡುಗ, ಮಾತಿನಲ್ಲಿ ಮೆತ್ತಗೆ.

‘ಅಕ್ಕಾರ, ಹಾಲೆಂಡಿಂದ ಮೇಲ್ ಬಂದೈತ್ರಿ. ನಡದ್ರ ಚಪ್ಪಲಿ ಸಪ್ಪಳ ಮಾಡತಾವಂತ. ಎಲ್ಲಾನೂ. ಒಬ್ಬಾಕಿ ಗ್ರಂಥಾಲಯದಾಗ ಕೆಲಸಾ ಮಾಡತಾಳಂತ, ಅಲ್ಲಿ ಕುಂತವ್ರು ಎಲ್ಲಾ ತಲಿ ಎತ್ತಿ ನೋಡಿದ್ರಂತ. ಇಪ್ಪತ್ತೆಂಟ ಜೋಡಿ ತಿರುಗಿ ಬಂದಾವ.’

‘ಸಪ್ಪಳ? ಎಂಥಾ ಸಪ್ಪಳ್ರೀ?’

‘ಕರಕರ ಅಂತ.’

ಸುಂದರಾ ಫೋನು ಕಿವಿಗೆ ಹಿಡಿದೇ ಅಪ್ಪನ ಕಡೆ ನೋಡಿದಳು. ಕಾಮಣ್ಣ ಹಸಿ ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದ. ಅವನ ಬಡಿತ ನಿಲ್ಲಲಿಲ್ಲ, ಆದರೆ ನಿಧಾನವಾಯಿತು.

ಕರಕರ ಎನ್ನುವ ಚಪ್ಪಲಿ ಆ ಸೀಮೆಯಲ್ಲಿ ಕೆಟ್ಟ ಚಪ್ಪಲಿಯಲ್ಲ. ಬೇಕೆಂದೇ ಹಾಗೆ ಮಾಡುತ್ತಾರೆ. ವಿಂಚು ಎಂಬ ಕಾಡುಗಿಡವೊಂದಿದೆ. ಅದರ ಕಾಯಿ ಒಣಗಿದರೆ ಚೇಳಿನ ಕೊಂಡಿಯಂತೆ ಬಾಗುತ್ತದೆ. ಅದರ ಬೀಜವನ್ನು ಅಟ್ಟೆಯ ಎರಡು ಪದರಗಳ ನಡುವೆ ಇಟ್ಟು ಹೊಲಿದರೆ ಪದರಗಳು ಪೂರ್ತಿ ಕೂಡುವುದಿಲ್ಲ. ಹೆಜ್ಜೆ ಹಾಕಿದಾಗಲೆಲ್ಲ ಭಾರಕ್ಕೆ ಒಂದಕ್ಕೊಂದು ಉಜ್ಜುತ್ತವೆ, ಸದ್ದು ಬರುತ್ತದೆ. ಎಲ್ಲರ ಚಪ್ಪಲಿಗೂ ಬೀಜ ಹಾಕುವುದಿಲ್ಲ. ಗೌಡರಿಗೆ, ಮದುಮಗನಿಗೆ, ಊರಿಗೆ ಬೇಕಾದ ಹಿರಿಯನಿಗೆ ಹಾಕುತ್ತಾರೆ. ಅದಕ್ಕೆ ಬೇರೆ ದರವೂ ಇಲ್ಲ. ಅದು ಹೊಲಿಯುವವನು ತನ್ನ ಮನಸ್ಸಿನಿಂದ ಕೊಡುವ ಮರ್ಯಾದೆ.

‘ಅಪ್ಪಾ, ಬೀಜಾ ಹಾಕಿದ್ದಿ ಏನ?’

‘ಹಾಕೀನಿ.’

‘ಎಂಬತ್ತಕ್ಕೂ?’

‘ಸಮುದ್ರ ದಾಟಿ ಹೊಂಟಿದ್ವು ಬೇ. ಮೂಕ ಚಪ್ಪಲಿ ಕಳಸೂದೇನ? ನಮ್ಮ ಗೌಡಗ ಹಾಕ್ತೀವಿ. ಅವ್ರೇನ ಗೌಡಗಿಂತ ಕಡಿಮಿ ಮಂದಿ?’

ಎಂಬತ್ತರ ಅಟ್ಟೆಯನ್ನೂ ಹೊಲಿದವನು ಕಾಮಣ್ಣನೇ. ಬೇರೆ ಯಾರಿಗೂ ತಿಳಿಯದಿರಲು ಕಾರಣವೂ ಇತ್ತು. ಊರಿನ ಗಿರಾಕಿಯ ಚಪ್ಪಲಿಯಾದರೆ ಹೊಲಿದವನು ಅದನ್ನು ಮೆಟ್ಟಿ ಬಾಗಿಲಿನಿಂದ ಓಣಿಯ ತುದಿಯವರೆಗೆ ಒಮ್ಮೆ ನಡೆದು ನೋಡುವುದು ರೂಢಿ. ಹೊರದೇಶದ ಮಾಲನ್ನು ಯಾರೂ ಮೆಟ್ಟಬಾರದು, ಅಟ್ಟೆಗೆ ಮಣ್ಣು ಹತ್ತಬಾರದು ಎಂದು ಸಂಸ್ಥೆಯವರು ಕಟ್ಟುನಿಟ್ಟು ಮಾಡಿದ್ದರು. ಹೀಗಾಗಿ ಎಂಬತ್ತು ಜೋಡಿಯೂ ಒಂದು ಮಾತೂ ಆಡದೆ ಪೆಟ್ಟಿಗೆ ಸೇರಿ ಹಡಗು ಹತ್ತಿದ್ದವು.

ಅತ್ತ ಫೋನಿನಲ್ಲಿ ವಿಶಾಲನಿಗೆ ಅವಸರವಿತ್ತು. ‘ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ತಯಾರಿಕೆಯಲ್ಲಿ ದೋಷ ಆಗೇತಿ, ಕ್ಷಮಿಸಬೇಕು ಅಂತ ಎರಡ ಸಾಲು ಹಾಕ್ತೀನಿ. ಮುಗೀತು.’

ಫೋನಿನ ದನಿ ದೊಡ್ಡದಿತ್ತು. ದೋಷ ಎಂಬ ಮಾತು ಕಾಮಣ್ಣನಿಗೂ ಕೇಳಿಸಿತು. ಅವನು ಬಡಿಯುವುದನ್ನು ನಿಲ್ಲಿಸಿ, ಆರಿಯನ್ನು ಪಂಚೆಯ ಅಂಚಿಗೆ ಒರೆಸಿ, ಮರದ ಪೆಟ್ಟಿಗೆಯಲ್ಲಿಟ್ಟು ಎದ್ದ. ನಲವತ್ತೆಂಟು ವರ್ಷ ಕುಳಿತಿದ್ದ ಜಾಗದಲ್ಲಿ ಮರುದಿನ ಕೂರಲಿಲ್ಲ. ಅದರ ಮರುದಿನವೂ ಕೂರಲಿಲ್ಲ. ಹಗ್ಗದ ಮಂಚ ಬಿಗಿದ, ಹಂಚು ಸರಿಪಡಿಸಿದ, ಬೇರೆಯವರ ಆಡು ಹುಡುಕಿಕೊಂಡು ಹೋದ.

ಸಂಘದಲ್ಲಿ ಎಲ್ಲರಿಗಿಂತ ಹಿರಿಯಳಾದ ಲಕ್ಕವ್ವ ಕಟ್ಟೆಯ ಮೇಲೆ ಕುಳಿತು ನಗೆಯಾಡಿದಳು. ‘ಕಾಮಣ್ಣಾ, ನಿನ್ನ ವಿಂಚು ಹಾಲೆಂಡಿನಾಗ ಮೊಳಕಿ ಒಡದಾವಂತ. ನೀರ ಹಾಕಾಕ ಯಾವಾಗ ಹೊಂಟಿ?’ ಬೇರೆ ದಿನವಾಗಿದ್ದರೆ ಕಾಮಣ್ಣ ಅದಕ್ಕೆರಡು ಸೇರಿಸಿ ಮರಳಿಸುತ್ತಿದ್ದ. ಅಂದು ಮಂಚದ ಹಗ್ಗ ಬಿಗಿಯುತ್ತಲೇ ಇದ್ದ. ಲಕ್ಕವ್ವನ ನಗು ತಾನಾಗಿ ಇಳಿಯಿತು. ಸುಂದರಾಳನ್ನು ಬಳಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: ‘ಏನರ ಮಾಡ ಬೇ. ಮುನ್ನೂರು ಜೋಡಿ ಹೋದ್ರ ಹೋಗ್ಲಿ ಅನ್ನಾಕ ನಮಗ ಆಗೂದಿಲ್ಲ. ಅವ ಹಿಂಗ ಕೆಲಸಾ ಬಿಟ್ಟ ಎದ್ದದ್ದೂ ನೋಡಾಕ ಆಗೂದಿಲ್ಲ.’

ಸುಂದರಾ ವಿಶಾಲನಿಗೆ ಫೋನು ಹಚ್ಚಿದಳು. ‘ಎಂಟ ದಿನ ತಡೀರಿ. ಕಾಗದಾ ನಾ ಬರೀತೀನಿ.’

‘ನೀವಾ? ಇಂಗ್ಲಿಷಿನಾಗ?’

‘ಹತ್ತನೆತ್ತೆ ಪಾಸಾಗೀನ್ರಿ. ನಲವತ್ತೊಂದ ಮಾರ್ಕ್ಸ್ ಬಿದ್ದಿದ್ವು.’

ಎರಡು ಸಂಜೆ ಕುಳಿತು ಹನ್ನೊಂದು ವಾಕ್ಯ ಬರೆದಳು. ಮೈ ಫಾದರ್ ಪುಟ್ ಸೀಡ್. ಸೀಡ್ ಮೇಕ್ಸ್ ಸೌಂಡ್. ಸೌಂಡ್ ಈಸ್ ಗುಡ್. ಯು ಸೇ ಬ್ಯಾಡ್. ಹೀಗೆಯೇ ಹನ್ನೊಂದು. ಒಂದೂ ಸುಳ್ಳಲ್ಲ. ಆದರೆ ಓದಿದಾಗ ತನ್ನ ಕಾಗದ ತನಗೇ ಹಿಡಿಸಲಿಲ್ಲ. ಏಕೆ ಎಂದು ಹೇಳಲು ಬರಲಿಲ್ಲ. ಮೂರನೆಯ ದಿನ ಆ ಹಾಳೆಯನ್ನೂ ಅಪ್ಪನ ಹಳೆಯ ಕರಕರ ಜೋಡನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದಳು.

ಚಿಕ್ಕೋಡಿಯಲ್ಲಿ ಅವಳ ಹೈಸ್ಕೂಲು ಮಾಸ್ತರರಾದ ದಾದಾಸಾಹೇಬ ಸರ್ ನಿವೃತ್ತರಾಗಿ ಮನೆ ಕಟ್ಟಿಕೊಂಡಿದ್ದರು. ಅವರು ಕಲಿಸಬೇಕಾದದ್ದು ವಿಜ್ಞಾನ. ಇಂಗ್ಲಿಷ್ ಮಾಸ್ತರರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿದ್ದರಿಂದ ಅದನ್ನೂ ಅವರೇ ಹೊತ್ತಿದ್ದರು. ಅವರ ಇಂಗ್ಲಿಷೆಂದರೆ ಪ್ರಯೋಗದ ವರದಿಯ ಇಂಗ್ಲಿಷು: ಮೊದಲು ಏನು ಮಾಡಿದೆವು, ಆಮೇಲೆ ಏನಾಯಿತು, ಏಕೆ ಆಯಿತು.

‘ಬಾ ತಂಗಿ, ಕೂಡು. ಏನ ತಂದೀ?’

ಹಾಳೆಯನ್ನು ಕೊಟ್ಟಳು. ಚೀಲವನ್ನು ಮಾತ್ರ ಕಟ್ಟೆಯ ಕೆಳಗೇ ಬಿಟ್ಟಳು. ಸರ್ ಜೈನರು, ಆ ಮನೆಯಲ್ಲಿ ಯಾರೂ ತೊಗಲು ಮೆಟ್ಟುವುದಿಲ್ಲವೆಂದು ಶಾಲೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಸರ್ ಹಾಳೆ ಓದಿ ಕನ್ನಡಕ ತೆಗೆದರು.

‘ಬೀಜಾ ಹಾಕಿದ್ರ ಸಪ್ಪಳ ಬರತೈತಿ, ಅದು ತಿಳೀತು. ಸಪ್ಪಳ ಛಲೋ ಅಂತ ಬರದೀದಿ. ಯಾಕ ಛಲೋ? ನಾ ಜನ್ಮದಾಗ ತೊಗಲಿನ ಚಪ್ಪಲಿ ಮೆಟ್ಟಿಲ್ಲ. ನನಗ ತಿಳಿಯವಲ್ದು ಅಂದ್ರ ಆ ಹೆಣ್ಣಮಗಳಿಗೆ ತಿಳೀತೈತಿ?’

‘ಸರ್, ಚೀಲದಾಗ ಅದಾವ್ರಿ. ಆದ್ರ ತೊಗಲಿನವು...’

‘ಪಡಸಾಲಿಗೆ ತರಬ್ಯಾಡ, ಅಂಗಳದಾಗ ನಡದ ತೋರ್ಸು. ಕಿವಿಗೇನ ತೊಗಲ ಹತ್ತೂದಿಲ್ಲ.’

ಸುಂದರಾ ಅಪ್ಪನ ದೊಡ್ಡ ಜೋಡಿನಲ್ಲಿ ಪಾದ ತೂರಿಸಿ ಬಾವಿಯ ಕಟ್ಟೆಯಿಂದ ಗೇಟಿನವರೆಗೆ ನಡೆದಳು. ಕರ್, ಕರ್, ಕರ್. ಎಡಗಾಲಿನದು ತುಸು ದಪ್ಪ ದನಿ, ಬಲಗಾಲಿನದು ತೆಳು. ಮರಳಿ ಬರುವಾಗ ಅಡುಗೆಮನೆಯಿಂದ ಸರ್ ಅವರ ಹೆಂಡತಿ ಜಿನಮತಿ ಲಗುಬಗೆಯಿಂದ ಹೊರಗೆ ಬಂದರು. ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು.

‘ಯಾರ ಬಂದ್ರಿ? ಚಾ ಎಷ್ಟ ಇಡ್ಲಿ?’

ಬಂದದ್ದು ಸುಂದರಾ ಎಂದು ಕಂಡು ಸೆರಗನ್ನು ಬಾಯಿಗೆ ಹಿಡಿದು ನಕ್ಕರು. ‘ನಿನ್ನ ಸುಡ್ಲಿ! ನಮ್ಮ ತವರೂರ ಗೌಡ ಕಾಕಾ ಬಂದಂಗಾತು. ಅವರ ಚಪ್ಪಲಿ ಸಪ್ಪಳ ಓಣ್ಯಾಗ ಕೇಳಿತಂದ್ರ ನಾವೆಲ್ಲ ಸುದ್ದಾಗಿ ಕುಂಡರತಿದ್ವಿ. ಒಮ್ಮೇನೂ ಬಾಗಲಾ ಬಡೀಲಿಲ್ಲ ನೋಡು ಅವರು.’

ಸರ್ ಹೆಂಡತಿಯ ತಲೆಯ ಸೆರಗನ್ನು ಪ್ರಯೋಗದ ಫಲಿತಾಂಶದಂತೆ ನೋಡುತ್ತಿದ್ದರು. ‘ಇದನ್ನ ಬರದಿಯೇನ ಕಾಗದದಾಗ?’

‘ಇಲ್ರಿ ಸರ್.’

‘ಇದ ಬರೀಬೇಕಾದ್ದು. ಇನ್ನ ವಾಕ್ಯ ನೋಡೂಣು.’

ಹಾಳೆಯನ್ನು ಮೊಣಕಾಲ ಮೇಲೆ ಹರಡಿದರು. ‘ಪಂಚನಾಮೆ ಓದಿದಂಗ ಐತಿ. ಹನ್ನೊಂದು ಅಟ್ಟಿ ಕಡದ ಒಗದೀದಿ, ವಾದಿ ಎಲ್ಲಿ?’ ವಾದಿ ಎಂದರೆ ಅಟ್ಟೆಗಳನ್ನು ಕೂಡಿಸಿ ಹೊಲಿಯುವ ತೊಗಲಿನ ದಾರ. ಮೊಳೆ ಹೊಡೆಯದ ಆ ಚಪ್ಪಲಿಯಲ್ಲಿ ಎಲ್ಲವೂ ನಿಂತಿರುವುದು ಅದರ ಮೇಲೆ.

‘ಆ್ಯಂಡ್, ಬಟ್, ಬಿಕಾಸ್ ಗೊತ್ತದಾವ್ರಿ,’ ಎಂದು ಸುಂದರಾ ಎರಡು ವಾಕ್ಯಗಳ ನಡುವೆ ಬಟ್ ಬರೆದು ತೋರಿಸಿದಳು. ನೀವು ಕೇಳಿರಲಿಲ್ಲ, ಬಟ್, ನಮ್ಮಪ್ಪ ಬೀಜ ಹಾಕಿದ.

‘ಕೂಡಿತು. ಆದ್ರ ಓದು. ಜಗಳಕ್ಕ ನಿಂತಂಗ ಇಲ್ಲಾ? ಬಟ್ ಒಂದ ಇದ್ರ ಎರಡು ಮಾತು ಎದುರಾಬದುರಾ ನಿಲ್ಲತಾವ, ಅಷ್ಟ. ಅದರ ಬಾಜೂಕ ಸ್ಟಿಲ್ ಅಂತ ಒಂದ ಸಣ್ಣ ಶಬ್ದ ಇಡು. ಬಟ್ ಸ್ಟಿಲ್. ಈಗ ಅರ್ಥ ಏನಾತು? ನಿಮ್ಮ ಮಾತು ಒಪ್ಪೀನಿ, ಒಗದಿಲ್ಲ, ಅದನ್ನ ಇಟಗೊಂಡ ನನ್ನ ಮಾತ ಹೇಳತೀನಿ. ಕೂಡಸೂ ಶಬ್ದ ಎರಡು ತುಂಡು ಹಿಡೀತೈತಿ. ಬಾಜೂದ್ದು ಎಷ್ಟ ಬಿಗಿ, ಯಾ ಕಡಿ ಬಾಗಬೇಕು ಅಂತ ಹೇಳತೈತಿ.’

‘ನಮ್ಮ ಮಾತಿನಾಗ ಹಿಂಗ ಎರಡ ಶಬ್ದ ಬರೂದಿಲ್ಲಲ್ರಿ?’

‘ನಾವು ಶಬ್ದದ ಬಾಲದಾಗ ಗಂಟ ಹಾಕ್ತೀವಿ. ಹಾಕಿದ್ರೂ, ಬಂದಮ್ಯಾಲ, ಕೇಳಿದ್ರಷ್ಟ. ಅವ್ರು ಬಿಡಿ ದಾರ ಇಟಗೊಂಡಾರ.’

ಸುಂದರಾ ಬಟ್ ಸ್ಟಿಲ್ ಎಂದು ಬಾಯಲ್ಲೇ ಎರಡು ಸಲ ಅಂದುಕೊಂಡಳು. ನಿಪ್ಪಾಣಿಯ ಸಂತೆಯಲ್ಲಿ ತೊಗಲು ಕೊಳ್ಳುವಾಗ ಆಡುವ ಮರಾಠಿ ನೆನಪಾಯಿತು.

‘ಸರ್, ತರೀ ಪಣ!’

‘ಏನಂದೀ?’

‘ಮರಾಠಿ ಒಳಗ ತರೀ ಪಣ ಅಂತಾರಲ್ರಿ. ನೀ ಹೇಳೂದ ಖರೆ, ತರೀ ಪಣ ಅಂತ. ಅದೂ ಎರಡ ಶಬ್ದ. ಆಣಿ ಮಗ, ಅದು ಆ್ಯಂಡ್ ದೆನ್.’

ದಾದಾಸಾಹೇಬರು ಎರಡನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ‘ಇಪ್ಪತ್ತೆರಡ ವರ್ಷ ಕಲಿಸೀನಿ. ಇಡೀ ಕ್ಲಾಸಿಗೆ ಮರಾಠಿ ಬರತಿತ್ತು. ನನಗ ಇದು ಹೊಳೀಲಿಲ್ಲ ನೋಡು.’

ಆಮೇಲೆ ಇಬ್ಬರೂ ಹಾಳೆಯ ಹಿಂಬದಿಯಲ್ಲಿ ಕೋಷ್ಟಕ ಹಾಕಿದರು. ಎಡಕ್ಕೆ ಕೂಡಿಸುವ ಪದಗಳು, ಬಲಕ್ಕೆ ಹದ ಹೇಳುವ ಪದಗಳು. ಒಂದೊಂದನ್ನೂ ಒಂದೊಂದರ ಜತೆ ಇಟ್ಟು, ನಿತ್ಯದ ಮಾತಿನಲ್ಲಿ ಕೂರುತ್ತದೆಯೇ ಎಂದು ಪರೀಕ್ಷಿಸಿದರು. ಆ್ಯಂಡ್ ಸೋ ಕೂತಿತು, ಹಂಗಾಗಿ. ಬಟ್ ಓನ್ಲಿ ಕೂತಿತು, ಅಷ್ಟಕ್ಕ ಮಾತ್ರ. ಈವನ್ ಇಫ್ ಎಂದು ಹದದ ಪದ ಮೊದಲು ಬಂದರೂ ಕೂತಿತು, ಆದ್ರೂ ಸೈ. ಬಿಕಾಸ್ ಜತೆ ಸ್ಟಿಲ್ ಇಟ್ಟು ನೋಡಿದರು; ಯಾಕೋ ಒಂದಕ್ಕೊಂದು ಆತುಕೊಳ್ಳಲಿಲ್ಲ, ಗೀಟು ಹಾಕಿ ಬಿಟ್ಟರು. ಆರ್ ಎಲ್ಸ್ ಬಂದಾಗ ಸರ್ ಬೆರಳೆತ್ತಿದರು. ‘ಇದು ಇಲ್ಲಾಂದ್ರ ನೋಡು ಅಂದಂಗ. ಗಿರಾಕಿಗೆ ಎಂದೂ ಬರೀಬ್ಯಾಡ.’

ಜಿನಮತಿ ಚಹಾ ತಂದಿಟ್ಟು ಕೋಷ್ಟಕ ನೋಡಿದರು. ‘ಹುಡುಗೀಗೆ ವರಾ ನೋಡಿದಂಗ ನಡಸೀರಲ್ಲ ಇಬ್ಬರೂ. ಯಾವುದು ಯಾವುದಕ್ಕ ಕೂಡತೈತಿ, ಯಾವುದು ಕೂಡೂದಿಲ್ಲ.’

ಸಂಜೆಯ ಬಸ್ಸಿಗೆ ಮುಂಚೆ ಕಾಗದ ಸಿದ್ಧವಾಯಿತು. ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಸುಂದರಾ ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು. ಕನ್ನಡದಲ್ಲಿ ಹೇಳುವುದಾದರೆ ಅದರಲ್ಲಿದ್ದದ್ದು ಇಷ್ಟು:

‘ನೀವು ಸದ್ದು ಬೇಕೆಂದು ಕೇಳಿರಲಿಲ್ಲ, ಆದರೂ ನಮ್ಮ ಅಪ್ಪ ಬೀಜ ಹಾಕಿದರು. ನಮ್ಮಲ್ಲಿ ಮರ್ಯಾದೆಯ ಮನುಷ್ಯರಿಗೆ ಮಾತ್ರ ಹಾಕುತ್ತಾರೆ. ಅವರು ಓಣಿಗೆ ಬಂದಾಗ ಮನೆಯವರಿಗೆ ಮೊದಲೇ ತಿಳಿಯುತ್ತದೆ, ಆಗ ಬಾಗಿಲು ತಟ್ಟುವ ಮುಂಚೆಯೇ ಚಹಾಕ್ಕೆ ನೀರು ಇಡುತ್ತಾರೆ. ಅಪ್ಪ ನಿಮ್ಮನ್ನು ನೋಡಿಲ್ಲ, ಹಾಗಿದ್ದೂ ನೀವು ಅಂಥವರೆಂದು ತಿಳಿದರು. ನಿಮ್ಮನ್ನು ಕೇಳದೆ ಹಾಕಿದ್ದು ತಪ್ಪು, ಆದ್ದರಿಂದ ಕ್ಷಮೆ ಕೇಳುತ್ತೇವೆ. ಹೊಸ ಚಪ್ಪಲಿಯನ್ನು ಹೊಲಿದವರು ಓಣಿಯ ತುದಿಯವರೆಗೆ ನಡೆದು ನೋಡುವುದು ನಮ್ಮ ಪದ್ಧತಿ. ಈ ಸಲ ನಡೆದಿರಲಿಲ್ಲ, ಹಾಗಾಗಿ ನಮಗೆ ಗೊತ್ತಾಗಲಿಲ್ಲ. ನಿಮಗೆ ಸದ್ದು ಬೇಡವಾದರೆ ಸದ್ದಿಲ್ಲದೆ ಹೊಲಿಯುತ್ತೇವೆ. ಬೇಕೆಂದಾಗ ಮಾತ್ರ ಬೀಜ ಹಾಕುತ್ತೇವೆ.’

ಮನೆಗೆ ಬಂದಾಗ ಕಾಮಣ್ಣ ಹೊಸ್ತಿಲಲ್ಲಿ ಕುಳಿತಿದ್ದ. ಕೇಳಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದವನು ಕೊನೆಗೂ ಕೇಳಿದ. ‘ತಪ್ಪಾತು ಅಂತ ಬರದಿ?’

‘ಬರದೀನಪ್ಪಾ. ಕೇಳದ ಹಾಕಿದ್ದು ತಪ್ಪ ಅಂತ ಬರದೀನಿ.’

‘ಹ್ಞೂಂ.’

‘ಹಾಕಿದ್ದ ತಪ್ಪ ಅಂತ ಬರದಿಲ್ಲ.’

ಕಾಮಣ್ಣ ಎದ್ದು ಒಳಗೆ ಹೋಗಿ ನೀರು ಕುಡಿದ. ಆದರೂ ಪೆಟ್ಟಿಗೆ ತೆರೆಯಲಿಲ್ಲ.

ಹದಿನೆಂಟು ದಿನ ಉತ್ತರ ಬರಲಿಲ್ಲ. ಸುಂದರಾ ನಾಲ್ಕು ಸಲ ಚಿಕ್ಕೋಡಿಗೆ ಹೋಗಿ ಬಂದಳು. ಕಂಪ್ಯೂಟರ್ ಅಂಗಡಿಯವನು ಅವಳನ್ನು ಕಂಡೊಡನೆ ತಲೆಯಾಡಿಸಿ ಇಲ್ಲ ಎನ್ನತೊಡಗಿದ. ಓಣಿಯಲ್ಲಿ ಹೆಂಗಸರು ದನಿಯೆತ್ತದೆ ಬೇರೆ ಕೆಲಸದ ಮಾತಾಡುತ್ತಿದ್ದರು. ಇಬ್ಬರು ನಿಪ್ಪಾಣಿಗೆ ತಂಬಾಕಿನ ಕೆಲಸಕ್ಕೆ ವಿಚಾರಿಸಿಯೂ ಬಂದಿದ್ದರು. ವಿಶಾಲ ಹೇಳಿದಂತೆ ಎರಡು ಸಾಲು ಬರೆದಿದ್ದರೆ ಇಷ್ಟರಲ್ಲಿ ಮುಗಿದುಹೋಗುತ್ತಿತ್ತೇನೋ ಎಂದು ವೇಣಿ ಹೆಣೆಯುತ್ತ ಸುಂದರಾ ಯೋಚಿಸಿದಳು. ಆ ವಾರದ ಅವಳ ವೇಣಿಗಳಲ್ಲಿ ಏಳರ ಜಾಗದಲ್ಲಿ ಆರು ಹೆಣಿಕೆ ಇದ್ದವು. ಲಕ್ಕವ್ವ ಎಣಿಸಿದಳು, ಎಣಿಸಿ ಉಳಿದವುಗಳ ಜತೆ ಸೇರಿಸಿದಳು.

ಹತ್ತೊಂಬತ್ತನೆಯ ದಿನ ಉತ್ತರ ಬಂತು. ಅಂಗಡಿಯವನು ಅದನ್ನು ಮುದ್ರಿಸಿ ಕೊಟ್ಟ. ಬಸ್ಸಿನಲ್ಲಿ ಮೂರು ಸಲ ಓದಿದಳು. ಓಣಿಗೆ ಬಂದು ಎಲ್ಲರ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು.

ಅನ್ನೆಕೆ ಕಾಗದವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಳು. ಅದನ್ನು ಓದಿ, ತಿರುಗಿ ಬಂದಿದ್ದರಲ್ಲಿ ಒಂಬತ್ತು ಜೋಡಿಯನ್ನು ಗಿರಾಕಿಗಳು ಮತ್ತೆ ಒಯ್ದಿದ್ದರು. ಉಳಿದವು ಹಾಗೆಯೇ ಇದ್ದವು. ಆದ್ದರಿಂದ ಮುನ್ನೂರು ಆಗುವುದಿಲ್ಲ, ಈ ಸಲ ನೂರೈವತ್ತು. ಎಲ್ಲವೂ ಸದ್ದಿಲ್ಲದವು. ಅವಳ ಗಿರಾಕಿಗಳು ಆಸ್ಪತ್ರೆಯಲ್ಲಿ, ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ಈವನ್ ಸೋ, ಎಂದು ಒಂದು ಜೋಡಿ ಪದ ಬರೆದು ಮುಂದೆ ಹೇಳಿದ್ದಳು: ತನಗಾಗಿ ಒಂದು ಜೋಡು ಬೇಕು, ಮೂವತ್ತೊಂಬತ್ತರ ಅಳತೆ, ಬೀಜ ಹಾಕಿದ್ದು. ಅದನ್ನು ಪದ್ಧತಿಯಂತೆ ನಡೆದು ನೋಡಿಯೇ ಕಳಿಸಬೇಕು. ಮಣ್ಣು ಹತ್ತಿದರೆ ಹತ್ತಲಿ.

‘ನೂರೈವತ್ತ ಅಂದ್ರ ಸಂಕ್ರಾಂತಿ ತನಕಾ ಆತು,’ ಎಂದಳು ಲಕ್ಕವ್ವ. ‘ಮುಂದಿಂದು ಮುಂದ.’

ಈವನ್ ಸೋ ಕೋಷ್ಟಕದಲ್ಲಿ ಇರಲಿಲ್ಲ. ಸುಂದರಾ ಸರ್‌ಗೆ ಫೋನು ಮಾಡಿ ಕೇಳಿದಳು. ‘ಅದು ನಿನ್ನ ತರೀ ಪಣದ ಅಣ್ಣ,’ ಎಂದರು ಅವರು. ‘ಅಷ್ಟೆಲ್ಲಾ ಇದ್ರೂ ಅಂತ. ಬರಕೋ.’ ಅವಳು ಓಣಿಯ ಅಂಗಡಿಯಿಂದ ನೂರು ಪುಟದ ನೋಟುಬುಕ್ಕು ತಂದಳು. ಮೊದಲ ಸಾಲಿನಲ್ಲಿ ಬಟ್ ಸ್ಟಿಲ್ ಬರೆದಳು, ಅದರ ಕೆಳಗೆ ಈವನ್ ಸೋ.

ಕಾಮಣ್ಣ ಮರುದಿನ ಮುಂಜಾನೆ ಪೆಟ್ಟಿಗೆ ತೆರೆದ. ಸಂಕ್ರಾಂತಿಯವರೆಗೆ ನೂರೈವತ್ತು ಮೂಕ ಜೋಡು ಸಿದ್ಧವಾದವು. ಪ್ರತಿಯೊಂದನ್ನೂ ಅಂಗಳದಲ್ಲಿ ಕಂಬಳಿ ಹಾಸಿ ಅದರ ಮೇಲೆ ಯಾರಾದರೊಬ್ಬರು ನಡೆದು ನೋಡುತ್ತಿದ್ದರು. ಕಂಬಳಿಯ ಉಪಾಯ ಸುಂದರಾಳದು. ಕಾಮಣ್ಣ ತಲೆ ವಾರೆ ಮಾಡಿ ಆಲಿಸುತ್ತಿದ್ದ. ಏನೂ ಕೇಳಿಸದಿದ್ದರೆ ‘ಪಾಸ್’ ಎನ್ನುತ್ತಿದ್ದ, ಮೆಲ್ಲಗೆ ಸೇರಿಸುತ್ತಿದ್ದ: ‘ಕಳ್ಳರ ಚಪ್ಪಲಿ.’

ಕೊನೆಯದಾಗಿ ಮೂವತ್ತೊಂಬತ್ತರ ಅಳತೆಯ ಜೋಡು. ಅದಕ್ಕೆ ಬೀಜ ಆರಿಸಲು ಅವನು ಅರ್ಧ ದಿನ ತೆಗೆದುಕೊಂಡ. ಹೊಲಿದು ಮುಗಿಸಿ ಮೆಟ್ಟಲು ನೋಡಿದರೆ ಅವನ ಪಾದ ಅರ್ಧವೂ ಹಿಡಿಸಲಿಲ್ಲ.

‘ಸುಂದರಾ, ನಿನಗ ಸರಿ ಆಗತೈತಿ. ನಡಿ.’

‘ನಾನಾ? ಇದು ನೀವು ಗಂಡಸರು ಮಾಡೂದು.’

‘ಕಾಗದಾ ಬರದಾಕಿ ನೀನ. ತುದಿ ಮಟಾ ನಡಿ.’

ಸುಂದರಾ ಬಾಗಿಲಿನಿಂದ ಓಣಿಯ ತುದಿಯವರೆಗೆ ನಡೆದಳು. ಎಡಗಾಲಿನದು ದಪ್ಪ ದನಿ, ಬಲಗಾಲಿನದು ತೆಳು. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕಾಳು ಹಸನು ಮಾಡುತ್ತಿದ್ದ ಲಕ್ಕವ್ವ ಮೊರವನ್ನು ಬದಿಗಿಟ್ಟು ಸಟ್ಟನೆ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ತಿರುಗಿ ನೋಡಿದಳು.

‘ಅಯ್ಯ, ನೀ ಏನ ಬೇ!’ ಎಂದಳು. ‘ಯಾರೋ ದೊಡ್ಡವ್ರು ಬಂದ್ರಂತ ತಿಳದ್ನಿ.’

ಆದರೆ ಎಳೆದುಕೊಂಡ ಸೆರಗನ್ನು ಇಳಿಸಲಿಲ್ಲ. ಸುಂದರಾ ತುದಿ ಮುಟ್ಟಿ, ಮರಳಿ ಬಂದು, ಜೋಡು ಬಿಚ್ಚಿ ಅಪ್ಪನ ಕೈಗೆ ಕೊಡುವವರೆಗೂ ಲಕ್ಕವ್ವ ಹಾಗೆಯೇ ನಿಂತಿದ್ದಳು.